ಅಮ್ಮನ ಕೆನ್ನೆಗೆ ಬಿಸಿಲು

“ನಿನ್ನೆ ಸಂಜೆ ಇಲ್ಲೇ ನೇತುಹಾಕಿದ್ದೆ. ಏನು, ರೆಕ್ಕೆ ಬಂದು ಹಾರಿಹೋಯ್ತಾ?” ಎನ್ನುತ್ತಾ ಅಮ್ಮ ಬಾಗಿಲ ಹಿಂದಿನ ಮೊಳೆಯನ್ನು ಮತ್ತೊಮ್ಮೆ ತಡಕಿದಳು. ಮೊಳೆಯಲ್ಲಿ ಅಜ್ಜನ ಸ್ವೆಟರ್ ಇತ್ತು, ಅಪ್ಪನ ಹಳೇ ಬ್ಯಾಗ್ ಇತ್ತು. ಕೊಡೆ ಮಾತ್ರ ಇರಲಿಲ್ಲ.

ಚುಕ್ಕಿ ನೆಲದ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದಳು. ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ತಲೆ ಎತ್ತಿದರೆ ಅಮ್ಮ ಮುಖ ನೋಡಿಯೇ ಕಂಡುಹಿಡಿದುಬಿಡುತ್ತಾಳೆ ಎಂಬ ಭಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು ಅವಳಿಗೆ. ಕೊಡೆಯನ್ನು ವಾಷಿಂಗ್ ಮಷೀನಿನ ಹಿಂದೆ ತುರುಕಿದ್ದು ಅವಳೇ.

“ಫ್ರಿಜ್ಜಲ್ಲಿ ನೋಡಮ್ಮ,” ಎಂದರು ಸೋಫಾದ ಮೇಲಿದ್ದ ಅಜ್ಜ. “ಹೋದ ವಾರ ನನ್ನ ಕನ್ನಡಕ ಅಲ್ಲೇ ಸಿಕ್ಕಿದ್ದು.”

ಅಮ್ಮನಿಗೆ ನಗುವಷ್ಟು ಪುರುಸೊತ್ತಿರಲಿಲ್ಲ. ಕೆನ್ನೆಗೆ ಇನ್ನೊಂದು ಸಲ ಕ್ರೀಮ್ ಹಚ್ಚಿಕೊಂಡಳು. ಅಗಲ ಅಂಚಿನ ಹ್ಯಾಟ್ ಹಾಕಿ, ಸ್ಕಾರ್ಫ್ ಸುತ್ತಿ, ಕ್ರೀಮಿನ ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಚುಕ್ಕಿಯ ಕೈ ಹಿಡಿದು ಹೊರಟೇಬಿಟ್ಟಳು. ಅವತ್ತು ಶನಿವಾರ, ಸ್ಕೂಲಿಗೆ ರಜೆ. ಅಜ್ಜ ಡಾಕ್ಟರಿಗೆ ಹಲ್ಲು ತೋರಿಸಿಕೊಳ್ಳಲು ಹೋಗಬೇಕಿತ್ತು. ಹಾಗಾಗಿ ಚುಕ್ಕಿ ಅಮ್ಮನ ಜೊತೆ ಅವಳ ಕೆಲಸದ ಅಂಗಡಿಗೆ ಹೋಗುವುದು ಎಂದು ಹಿಂದಿನ ದಿನವೇ ತೀರ್ಮಾನವಾಗಿತ್ತು.

ಚುಕ್ಕಿ ಏನೂ ಕೆಟ್ಟ ಹುಡುಗಿಯಲ್ಲ. ಅವಳಿಗೆ ಕೊಡೆಯ ಮೇಲೆ ಸಿಟ್ಟಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬಿಸಿಲು. ಅಮ್ಮನ ಎಡಗೆನ್ನೆಯ ಮೇಲೆ ಒಂದಿಷ್ಟು ಬಿಸಿಲು.

ಆ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಅಂಗಿಯ ಗುಂಡಿಯಷ್ಟು ಅಗಲದ ಕಂದು ಮಚ್ಚೆಯೊಂದಿತ್ತು. ಹುಟ್ಟಿದಾಗಿನಿಂದ ಇದ್ದದ್ದು. ಅಂಥದ್ದೇ ಒಂದು, ಸ್ವಲ್ಪ ಚಿಕ್ಕದು, ಅದೇ ಜಾಗದಲ್ಲಿ ಮಗಳಿಗೂ ಇತ್ತು. ಅವಳು ಹುಟ್ಟಿದ ದಿನವೇ ಅಜ್ಜ ಅದನ್ನು ನೋಡಿ ‘ಚುಕ್ಕಿ’ ಎಂದು ಕರೆದರು. ಆಮೇಲೆ ಬೇರೆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ.

ದಿನಾ ಬೆಳಗ್ಗೆ ತಲೆ ಬಾಚುವಾಗ ಇಬ್ಬರೂ ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಅಮ್ಮ ತನ್ನ ಮಚ್ಚೆಯ ಮೇಲೆ ಬೆರಳಿಟ್ಟು “ಇದು ನಂದು” ಎನ್ನುತ್ತಿದ್ದಳು. ಮಗಳ ಮಚ್ಚೆಯ ಮೇಲೆ ಬೆರಳಿಟ್ಟು “ಇದು ನಿಂದು” ಎನ್ನುತ್ತಿದ್ದಳು. ಅಷ್ಟಾದ ಮೇಲೇ ಜಡೆ.

ಈಗ ಅಮ್ಮ ಅದನ್ನು ಲೇಸರ್ ಮಾಡಿಸಿ ತೆಗೆಸಿಬಿಟ್ಟಿದ್ದಳು. ಮೊದಲು ಅಲ್ಲಿ ಸಣ್ಣ ಹಕ್ಕಳೆ ಕಟ್ಟಿತ್ತು. ಅದು ತಾನಾಗಿ ಉದುರಿದ ಮೇಲೆ ಎಳೇ ಗುಲಾಬಿ ಬಣ್ಣದ ಚರ್ಮ ಕಾಣಿಸಿತು. ಕನ್ನಡಿಯ ಮುಂದಿನ ಆಟ ನಿಂತುಹೋಯಿತು. ನಿಲ್ಲಿಸಿದ್ದು ಅಮ್ಮನಲ್ಲ. ಚುಕ್ಕಿಯೇ ಅಜ್ಜನ ಹತ್ತಿರ ತಲೆ ಬಾಚಿಸಿಕೊಳ್ಳತೊಡಗಿದಳು. ಅಜ್ಜ ಹಾಕಿದ ಜಡೆ ಬಸ್‌ಸ್ಟಾಪ್ ತಲುಪುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. ಆದರೂ ಅವಳು ಹಟ ಬಿಡಲಿಲ್ಲ.

ಸ್ಕೂಲಿನಲ್ಲಿ ಬೆಂಚಿನ ಗೆಳತಿ ಸುಮ್ಮನಿರಲಾರದೆ ಕೇಳಿದ್ದಳು. “ನಿಮ್ಮಮ್ಮ ತೆಗೆಸಿದ್ರಲ್ಲ, ನೀನ್ಯಾವಾಗ ತೆಗೆಸ್ತೀಯ?” ಅವಳು ಕೇಳಿದ್ದು ಪೆನ್ಸಿಲ್ ಯಾವಾಗ ತಗೊಂಡೆ ಅಂತ ಕೇಳಿದಷ್ಟೇ ಸಲೀಸಾಗಿ. ಚುಕ್ಕಿ ಮಾತ್ರ ಪುಸ್ತಕ ತೆರೆದು ಮುಖಕ್ಕೆ ಅಡ್ಡ ಹಿಡಿದಳು. ಅಮ್ಮನಿಗೆ ಆ ಮಚ್ಚೆ ಇಷ್ಟವಿರಲಿಲ್ಲ ಅಂದರೆ, ಅಂಥದ್ದೇ ಮಚ್ಚೆ ಇರುವ ನಾನು? ಈ ಪ್ರಶ್ನೆಯನ್ನು ಅವಳು ಯಾರ ಹತ್ತಿರವೂ ಕೇಳಲಿಲ್ಲ.

ಚರ್ಮದ ಡಾಕ್ಟರ್ ಹೇಳಿದ ಒಂದು ಮಾತು ಮಾತ್ರ ಅವಳ ಕಿವಿಯಲ್ಲಿ ಉಳಿದುಕೊಂಡಿತ್ತು. ಹೊಸ ಚರ್ಮ ಬಹಳ ಎಳೇದು, ಬಿಸಿಲಿಗೆ ಒಡ್ಡಬೇಡಿ, ಬಿಸಿಲು ಬಿದ್ದರೆ ಮತ್ತೆ ಕಲೆ ಬರಬಹುದು ಅಂದಿದ್ದರು. ಕೆಲವು ವಾರ ಹ್ಯಾಟ್, ಕೊಡೆ ಬಿಡಬಾರದು, ಕ್ರೀಮ್ ಆಗಾಗ ಹಚ್ಚಿಕೊಳ್ಳುತ್ತಿರಬೇಕು, ಕಿಟಕಿಯ ಗಾಜಿನಿಂದಲೂ ಬಿಸಿಲು ತಟ್ಟುತ್ತದೆ ಅಂತಲೂ ಹೇಳಿದ್ದರು. ಅಮ್ಮ ಎಲ್ಲಕ್ಕೂ ತಲೆಯಾಡಿಸಿದ್ದಳು. ಪಕ್ಕದ ಕುರ್ಚಿಯಲ್ಲಿದ್ದ ಚುಕ್ಕಿಯ ತಲೆಯಲ್ಲಿ ಬೇರೆಯೇ ಲೆಕ್ಕ ಶುರುವಾಗಿತ್ತು. ಮತ್ತೆ ಬರಬಹುದು! ಹಾಗಾದರೆ ಬರಲಿ.

ಬಸ್ಸು ಬಂದಾಗ ಚುಕ್ಕಿ ಎಲ್ಲರಿಗಿಂತ ಮುಂಚೆ ಹತ್ತಿ, ಬಿಸಿಲು ಬೀಳುವ ಕಡೆಯ ಸೀಟು ಹಿಡಿದು “ಅಮ್ಮಾ, ಇಲ್ಲಿ!” ಎಂದು ಕೂಗಿದಳು. ಅಮ್ಮ ಒಮ್ಮೆ ಬಿಸಿಲನ್ನು ನೋಡಿ, ಒಮ್ಮೆ ಮಗಳನ್ನು ನೋಡಿ, ನೆರಳಿನ ಕಡೆ ಹೋಗಿ ಕೂತಳು. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಚುಕ್ಕಿ ಎದ್ದು ಅಲ್ಲಿಗೇ ಹೋಗಬೇಕಾಯಿತು.

ಅಮ್ಮ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಬಂದವರ ಮೂಗಿನ ಮೇಲೆ ಒಂದು ಭಾರದ ದುಂಡು ಫ್ರೇಮ್ ಕೂರಿಸಿ, ಅದರೊಳಗೆ ಒಂದೊಂದೇ ಲೆನ್ಸ್ ಹಾಕಿ ತೆಗೆದು, ಗೋಡೆಯ ಮೇಲಿನ ಅಕ್ಷರ ಓದಿಸುವುದು ಅವಳ ಕೆಲಸ. ಚುಕ್ಕಿಗೆ ಅಮ್ಮನ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಟ್ಟರು. ಕೇಳಿದಾಗ ಕೈಗನ್ನಡಿ ಕೊಡುವ ಕೆಲಸ ಅವಳ ಪಾಲಿಗೆ ಬಂತು.

ಮೊದಲು ಬಂದವರು ಬೇಕರಿಯವರು. ಅಮ್ಮ ಲೆನ್ಸ್ ಬದಲಿಸಿದಳು. ಅವರು ಕಣ್ಣರಳಿಸಿ ಅತ್ತಿತ್ತ ನೋಡಿ, ಕೊನೆಗೆ ಎದುರಿಗಿದ್ದ ಚುಕ್ಕಿಯನ್ನು ನೋಡಿದರು.

“ಮಗೂ, ಕೆನ್ನೆಗೆ ಏನೋ ಮೆತ್ಕೊಂಡಿದೆ ನೋಡು. ಒರೆಸ್ಕೊ.”

“ಅದು ಮಚ್ಚೆ ಅಂಕಲ್,” ಎಂದಳು ಚುಕ್ಕಿ.

“ಕಾಣ್ತಾ?” ಎಂದು ಅಮ್ಮ ನಕ್ಕಳು. “ಹಾಗಾದ್ರೆ ಪವರ್ ಸರಿಯಾಗಿದೆ.”

ಬೇಕರಿಯವರೂ ನಕ್ಕರು. ಚುಕ್ಕಿಗೂ ನಗು ಬಂತು. ತನ್ನಿಂದಲೇ ಒಬ್ಬರ ಕಣ್ಣು ಪರೀಕ್ಷೆಯಾಯಿತು ಅಂತ ಒಳಗೊಳಗೇ ಹೆಮ್ಮೆಯೂ ಆಯಿತು.

ಸ್ವಲ್ಪ ಹೊತ್ತಿಗೆ ಬಂದ ರಿಟೈರ್ಡ್ ಟೀಚರ್ ಒಬ್ಬರು, ಹೊಸ ಕನ್ನಡಕ ಹಾಕಿಕೊಂಡ ಕೂಡಲೇ ಪರ್ಸಿನಿಂದ ಟಿಶ್ಯೂ ತೆಗೆದು ಚುಕ್ಕಿಯ ಕೈಗೆ ಕೊಟ್ಟು, ಕೆನ್ನೆ ಕಡೆ ತೋರಿಸಿದರು. ಚುಕ್ಕಿ ಮತ್ತೆ ಅದೇ ಮಾತು ಹೇಳಿದಳು. ಅಮ್ಮ ಮತ್ತೆ ಅದೇ ಮಾತು ಹೇಳಿದಳು. ಟೀಚರ್ ಪೆಚ್ಚಾಗಿ ಎರಡೆರಡು ಸಲ ಸಾರಿ ಕೇಳಿದರು. ಈ ಸಲ ಚುಕ್ಕಿಗೆ ನಗು ಅಷ್ಟು ಸಲೀಸಾಗಿ ಬರಲಿಲ್ಲ.

ಆಮೇಲೆ ಅಂಗಡಿಯಲ್ಲಿ ಜನ ಹೆಚ್ಚಾದರು. ಅಮ್ಮನಿಗೆ ನೀರು ಕುಡಿಯಲೂ ಬಿಡುವಿರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಕನ್ನಡಕ ಹಾಕಿಕೊಂಡವಳೇ ಬಗ್ಗಿ, “ಚಾಕೊಲೇಟ್ ತಿಂದ್ಯಾ ಪುಟ್ಟಾ?” ಎಂದು ಹೆಬ್ಬೆರಳಿನಿಂದ ಚುಕ್ಕಿಯ ಕೆನ್ನೆಯನ್ನು ಉಜ್ಜಿಯೇಬಿಟ್ಟಳು. ಕಲೆ ಹೋಗದಿದ್ದಾಗ ಇನ್ನೂ ಜೋರಾಗಿ ಉಜ್ಜಿದಳು.

ಅಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದಳು. “ಉಜ್ಜಬೇಡಿ. ಅದು ಅವಳದು,” ಎಂದಳು. ಈ ಸಲ ಅವಳು ನಗಲಿಲ್ಲ.

ಚುಕ್ಕಿ ಕೈಗನ್ನಡಿಯನ್ನು ಅಲ್ಲೇ ಇಟ್ಟು ಒಳಗಿನ ಕೋಣೆಗೆ ಹೋದಳು. ಅಲ್ಲಿ ಅಂಗಡಿಯ ಲೆನ್ಸ್ ಕೆಲಸದವರು, ಚುಕ್ಕಿಯ ಬಾಯಲ್ಲಿ ‘ಲೆನ್ಸ್ ಮಾಮ’, ಮೆಷಿನ್ನಿನ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿದ್ದರು. ಅವಳ ಮುಖ ನೋಡಿ ಮೆಷಿನ್ ನಿಲ್ಲಿಸಿದರು. ಮೂಲೆಯಲ್ಲಿದ್ದ ಸ್ಟೂಲ್ ತೋರಿಸಿ, ನೀರಿನ ಬಾಟಲ್ ಕೊಟ್ಟರು.

“ಇವತ್ತು ನಿನ್ನ ಸರದಿನಾ?” ಎಂದರು. “ಹೊಸ ಕನ್ನಡಕ ಹಾಕ್ಕೊಂಡವರಿಗೆ ಮೊದಲು ಕಾಣೋದು ಎದುರಿಗಿರೋರ ಮುಖ ತಾನೇ. ನಿಮ್ಮಮ್ಮಂಗೆ ದಿನಾ ಇದೇ ಆಗಿತ್ತು. ಒಬ್ಬರಲ್ಲ ಒಬ್ಬರು ಒರೆಸ್ಕೊಳ್ಳಿ ಅನ್ನೋರು.”

“ದಿನಾ?”

“ನೀನು ಹುಟ್ಟೋಕೆ ಮುಂಚಿನಿಂದ.”

ಚುಕ್ಕಿ ಬಾಟಲಿನ ಮುಚ್ಚಳ ತಿರುಗಿಸುತ್ತಾ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು. “ಅಮ್ಮಂಗೆ ಬೇಜಾರಾಗ್ತಿರ್ಲಿಲ್ವಾ ಮಾಮ?”

“ಹೊರಗಡೆ ನಗ್ತಿದ್ರು. ಪವರ್ ಸರಿಯಾಗಿದೆ ಅಂತಿದ್ರು. ಆಮೇಲೆ ಒಳಗೆ ಬಂದು, ನೀನು ಕೂತಿದ್ದೀಯಲ್ಲ, ಅದೇ ಸ್ಟೂಲ್ ಮೇಲೆ ಕೂತು ನೀರು ಕುಡಿದು ಹೋಗ್ತಿದ್ರು.”

ಲೆನ್ಸ್ ಮಾಮ ಮತ್ತೆ ಮೆಷಿನ್ ಶುರುಮಾಡಿದರು. ಚುಕ್ಕಿ ಸ್ಟೂಲಿನ ಅಂಚನ್ನು ಒಮ್ಮೆ ಸವರಿದಳು. ಮರ ಸವೆದು ನುಣ್ಣಗಾಗಿತ್ತು.

ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಬಸ್ಸು ಹತ್ತಿದರು. ಅಮ್ಮ ನೆರಳಿನ ಕಡೆಯೇ ಕಿಟಕಿ ಪಕ್ಕ ಕೂತು, ತಲೆಗೆ ಒತ್ತುತ್ತಿದ್ದ ಹ್ಯಾಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸುಸ್ತಾಗಿ ಕಿಟಕಿಗೆ ಒರಗಿದವಳಿಗೆ ನಿದ್ದೆ ಬಂದೇಬಿಟ್ಟಿತು. ಸ್ಕಾರ್ಫ್ ಜಾರಿ ಹೆಗಲಿಗೆ ಬಂತು.

ಬೆಳಗ್ಗೆಯಿಂದ ಅಮ್ಮ ಕ್ರೀಮ್ ಮತ್ತೆ ಹಚ್ಚಿಕೊಂಡಿಲ್ಲ ಎಂದು ಚುಕ್ಕಿಗೆ ಗೊತ್ತಿತ್ತು. ಜನರ ಗದ್ದಲದಲ್ಲಿ ಅಮ್ಮನಿಗೆ ಮರೆತೇಹೋಗಿತ್ತು. ಇವಳು ನೆನಪಿಸಿರಲಿಲ್ಲ.

ಸೇತುವೆ ದಾಟಿ ಬಸ್ಸು ತಿರುಗಿತು. ಅದರ ಜೊತೆ ಬಿಸಿಲೂ ಈ ಕಡೆಗೆ ತಿರುಗಿತು. ಮೊದಲು ಅಮ್ಮನ ಮೊಣಕೈ ಮೇಲೆ ಬಿತ್ತು, ಆಮೇಲೆ ಹೆಗಲ ಮೇಲೆ, ಆಮೇಲೆ ಕುತ್ತಿಗೆಯ ಮೇಲೆ. ಚುಕ್ಕಿ ಉಸಿರು ಬಿಗಿಹಿಡಿದು ನೋಡಿದಳು. ಅವಳೀಗ ಏನನ್ನೂ ಬಚ್ಚಿಡಬೇಕಾಗಿರಲಿಲ್ಲ, ಯಾರಿಗೂ ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಬೀಳಲಿ, ಮಚ್ಚೆ ವಾಪಸ್ ಬರಲಿ ಎಂದಿತು ಒಂದು ಮನಸ್ಸು. ಇನ್ನೊಂದು ಮನಸ್ಸಿಗೆ ಆ ಸ್ಟೂಲ್ ನೆನಪಾಯಿತು. ಹೆಬ್ಬೆರಳು ಉಜ್ಜಿದ ಜಾಗ ಇನ್ನೂ ಸ್ವಲ್ಪ ಉರಿಯುತ್ತಿತ್ತು. ಮಚ್ಚೆ ವಾಪಸ್ ಬಂದರೆ ಸೋಮವಾರ ಅಮ್ಮ ಮತ್ತೆ ಹೊರಗೆ ನಗುತ್ತಾಳೆ, ಒಳಗೆ ಹೋಗಿ ನೀರು ಕುಡಿಯುತ್ತಾಳೆ. ಮಂಗಳವಾರವೂ ಅಷ್ಟೇ.

ಬಿಸಿಲು ಗದ್ದಕ್ಕೆ ಬಂತು. ಚುಕ್ಕಿ ತಟ್ಟನೆ ಕೈ ಚಾಚಿ ಅಂಗೈ ಅಡ್ಡ ಹಿಡಿದಳು. ಅಂಗೈ ಸಾಲಲಿಲ್ಲ. ಬೆರಳುಗಳ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ತೂರಿಬಂತು. ಅಮ್ಮನ ತೊಡೆಯ ಮೇಲಿದ್ದ ಹ್ಯಾಟನ್ನು ಎತ್ತಿಕೊಂಡು, ಸೀಟಿನ ಮೇಲೆ ಮೊಣಕಾಲೂರಿ, ಅದನ್ನು ಕಿಟಕಿಗೆ ಒತ್ತಿ ಹಿಡಿದಳು. ಅಮ್ಮನ ಮುಖವೆಲ್ಲ ನೆರಳಾಯಿತು.

ಬ್ರೇಕ್ ಹಾಕಿದರೆ ಬೀಳುತ್ತೀಯ, ಸರಿಯಾಗಿ ಕೂತ್ಕೊ ಎಂದು ಕಂಡಕ್ಟರ್ ಗದರಿದರು. ಚುಕ್ಕಿ ಬಾಯಿಯ ಮೇಲೆ ಬೆರಳಿಟ್ಟು, ಮಲಗಿದ್ದ ಅಮ್ಮನನ್ನು ತೋರಿಸಿದಳು. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ತೋಳು ಜೋಮು ಹಿಡಿಯಿತು. ಬಸ್ಸು ಯಾವತ್ತೂ ಇಷ್ಟು ನಿಧಾನವಾಗಿ ಹೋಗಿರಲಿಲ್ಲ ಅನ್ನಿಸಿತು.

ಅವರ ಸ್ಟಾಪ್ ಬಂದಾಗ ಅಮ್ಮನಿಗೆ ಎಚ್ಚರವಾಯಿತು. ಕಣ್ಣೆದುರಿಗೆ ಹ್ಯಾಟು, ಅದರ ಹಿಂದೆ ಮಗಳ ಕೆಂಪಾದ ಮುಖ.

“ಇದೇನೇ?”

“ಬಿಸಿಲು,” ಎಂದಳು ಚುಕ್ಕಿ. ಅಷ್ಟು ಹೇಳುವಷ್ಟರಲ್ಲಿ ಇಳಿಯಬೇಕಾಯಿತು.

ಹೊರಗೆ ಬಿಸಿಲು ಸುಡುತ್ತಿತ್ತು. ಸ್ಟಾಪಿನ ಚಾವಣಿಯ ಕೆಳಗೆ ಮಾತ್ರ ನೆರಳಿತ್ತು. “ಕ್ರೀಮ್ ಹಚ್ಕೊಂಡು ಇಲ್ಲೇ ನಿಂತ್ಕೊಮ್ಮಾ, ಎಲ್ಲೂ ಹೋಗ್ಬೇಡ,” ಎಂದವಳೇ ಚುಕ್ಕಿ ಮನೆ ಕಡೆ ಓಡಿದಳು. ಅಮ್ಮ ಕೂಗುವಷ್ಟರಲ್ಲಿ ಬೀದಿಯ ತಿರುವು ದಾಟಿಯಾಗಿತ್ತು.

ಅವಳು ಏದುಸಿರು ಬಿಡುತ್ತಾ ವಾಪಸ್ ಬಂದಾಗ ಕೈಯಲ್ಲಿ ಕೊಡೆ ಇತ್ತು. ಕೊಡೆಗೆ ವಾಷಿಂಗ್ ಮಷೀನಿನ ಹಿಂದಿನ ಧೂಳು ಮೆತ್ತಿತ್ತು. ಅಜ್ಜನ ಕಳೆದುಹೋಗಿದ್ದ ಒಂದು ಕಾಲುಚೀಲವೂ ಹಿಡಿಗೆ ಸಿಕ್ಕಿಕೊಂಡು ಬಂದಿತ್ತು.

ಅಮ್ಮ ಕಾಲುಚೀಲ ನೋಡಿದಳು, ಧೂಳು ನೋಡಿದಳು, ಮಗಳನ್ನು ನೋಡಿದಳು. ಕೇಳಿದ್ದರೇ ಸುಲಭವಾಗಿರುತ್ತಿತ್ತು ಚುಕ್ಕಿಗೆ.

“ಬಿಸಿಲು ಬಿದ್ರೆ ಅದು ವಾಪಸ್ ಬರತ್ತೆ ಅಂದ್ಕೊಂಡೆ,” ಎನ್ನುತ್ತಾ ಅವಳು ಹಿಡಿಗೆ ಸಿಕ್ಕಿದ್ದ ಕಾಲುಚೀಲ ಬಿಡಿಸತೊಡಗಿದಳು. “ನಂದು ಒಂದೇ ಆಗೋಯ್ತಲ್ಲಮ್ಮಾ.”

ಅಮ್ಮ ಸ್ಟಾಪಿನ ಬೆಂಚಿನ ಮೇಲೆ ಕೂತು ಅವಳನ್ನು ಹತ್ತಿರ ಎಳೆದುಕೊಂಡಳು. “ಬಂದಿದ್ರೂ ಅದೇ ಬರ್ತಿರ್ಲಿಲ್ಲ ಕಣೇ. ಬೇರೆ ಯಾವುದೋ ಕಲೆ ಬರ್ತಿತ್ತು,” ಎಂದಳು. ಮಗಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ಹೇಳಿದಳು, “ನಿಂಗೆ ಮೊದಲೇ ಹೇಳಬೇಕಿತ್ತು. ದಿನಾ ಜನರಿಗೆ ಹೇಳಿ ಹೇಳಿ ನನ್ನ ಮಚ್ಚೆ ನಂಗೆ ಸಾಕಾಗಿಹೋಗಿತ್ತು ಚುಕ್ಕಿ. ನಿನ್ನ ಮಚ್ಚೆ ಯಾವತ್ತೂ ಬೇಡ ಅನ್ನಿಸಿಲ್ಲ.”

ಚುಕ್ಕಿ ಮೂಗು ಒರೆಸಿಕೊಂಡು ಕೊಡೆ ಬಿಚ್ಚಿದಳು. ಧೂಳು ಉದುರಿ ಇಬ್ಬರಿಗೂ ಸೀನು ಬಂತು. ಇಬ್ಬರೂ ನಡೆಯತೊಡಗಿದರು. ಕೊಡೆ ಹಿಡಿದದ್ದು ಚುಕ್ಕಿ. ಅಮ್ಮನ ಎತ್ತರಕ್ಕೆ ಕೈ ಎತ್ತಿ ಹಿಡಿಯಬೇಕಿತ್ತು, ಆದರೂ ಅವಳು ಬಿಟ್ಟುಕೊಡಲಿಲ್ಲ.

ಗೇಟಿನ ಹತ್ತಿರ ಬಂದಾಗ ಅವಳು ನಿಂತಳು. ಎಳೇ ಚರ್ಮವನ್ನು ಮುಟ್ಟಬಾರದು ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅಮ್ಮನ ಕೆನ್ನೆಯ ಹತ್ತಿರಕ್ಕೆ ಬೆರಳು ತಂದು, ತಾಗಿಸದೆ ಹಿಡಿದಳು.

“ಇದು ನಿಂದು,” ಎಂದಳು.

ಆಮೇಲೆ ತನ್ನ ಮಚ್ಚೆಯ ಮೇಲೆ ಬೆರಳಿಟ್ಟುಕೊಂಡಳು. “ಇದು ನಂದು.”

ಅಮ್ಮ ಬಗ್ಗಿ, ಅಜ್ಜ ಹಾಕಿದ್ದ ಜಡೆಯ ಕೊನೆಯ ಎಳೆಯನ್ನೂ ಬಿಚ್ಚಿದಳು. ಚುಕ್ಕಿ ಕೊಡೆಯನ್ನು ಇನ್ನೂ ಸ್ವಲ್ಪ ಅಮ್ಮನ ಕಡೆಗೆ ವಾಲಿಸಿ, ಅವಳ ಕೈಯಲ್ಲೇ ತಲೆ ಬಾಚಿಸಿಕೊಳ್ಳಲು ಒಳಗೆ ನಡೆದಳು.