ಒಂದು ಮಾತೂ ಬಿಡದಂತೆ

"ಅಧ್ಯಕ್ಷರು ನನ್ನ ಬಗ್ಗೆ ಏನೋ ಅಂದ್ರು. ಎಲ್ಲರೂ ತಿರುಗಿ ನನ್ನನ್ನೇ ನೋಡಿದ್ರು. ಗೋಡೆ ಮೇಲೆ ಮಾತ್ರ ಏನೂ ಬರಲಿಲ್ಲ. ಯಾಕೆ?"

ಸಭೆ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಬಡಗಿ ಅವಳ ಮೇಜಿನ ಮುಂದೆ ಬಂದು ನಿಂತಿದ್ದ.

ಅವಳು ಕಚೇರಿಯೊಂದರಲ್ಲಿ ಟೈಪಿಸ್ಟ್. ಬಡಾವಣೆಯ ಸಭೆಗಳಲ್ಲಿ ಆಡಿದ ಮಾತನ್ನೆಲ್ಲ ಆಗಿಂದಾಗಲೇ ಟೈಪ್ ಮಾಡಿ ಗೋಡೆಯ ಪರದೆಯ ಮೇಲೆ ಮೂಡಿಸುವುದು ಅವಳು ಮನಸಾರೆ ಒಪ್ಪಿಕೊಂಡ ಸೇವೆ. ಕಿವಿ ಕೇಳದವರು ಅದನ್ನು ಓದಿಕೊಂಡೇ ಚರ್ಚೆಗೆ ಇಳಿಯುತ್ತಿದ್ದರು. ಮರ ಕೊಯ್ಯುವ ಯಂತ್ರದ ಸದ್ದಿಗೆ ಕಿವಿ ಕಳೆದುಕೊಂಡ ಬಡಗಿಯೂ ಅವರಲ್ಲೊಬ್ಬ. ಬಡಾವಣೆಯ ಮರಗೆಲಸದ ಶಾಲೆಗೆ ಮೇಷ್ಟ್ರಾಗಬೇಕೆಂಬುದು ಅವನ ಒಂದೇ ಆಸೆ.

ಕಿವುಡನ ಕೈಗೆ ಮಕ್ಕಳನ್ನು ಒಪ್ಪಿಸುವುದೇ ಎಂದು ಅಧ್ಯಕ್ಷರು ಆ ದಿನದ ಸಭೆಯಲ್ಲಿ ನಕ್ಕಿದ್ದರು. ಅವನಿಗೆ ನೋವಾಗದಿರಲೆಂದು ಅವಳು ಆ ಮಾತನ್ನು ಬಿಟ್ಟುಬಿಟ್ಟಿದ್ದಳು.

ಈಗ ಅದನ್ನೇ ಟೈಪ್ ಮಾಡಿ ತೋರಿಸಿದಳು. ಓದಿದವನ ಮುಖ ಕೆಂಪೇರಿತು.

"ಗೊತ್ತಾಗಿದ್ರೆ ಅಲ್ಲೇ ಉತ್ತರ ಕೊಡ್ತಿದ್ದೆ. ಅವರು ಬರೀ ನಕ್ಕರು. ನೀವು ನನ್ನ ಬಾಯಿಯನ್ನೇ ಮುಚ್ಚಿಸಿಬಿಟ್ರಿ."

ಮನೆಯಲ್ಲಿ ಅವಳ ಕಣ್ಣೀರು ಕಂಡ ಅಕ್ಕ, ಯಾರೋ ಬೈದದ್ದಕ್ಕೆಲ್ಲ ಅಳುವವಳಲ್ಲವಲ್ಲ ನೀನು ಎಂದು ಕೆಣಕಿದಳು. ಹೌದಲ್ಲ... ಪರದೆ ಓದುತ್ತ ತುಟಿಯಂಚಿನಲ್ಲಿ ನಗುವ ಆ ಮುಖಕ್ಕಾಗಿಯೇ ತಾನು ಸಭೆಗೆ ಬೇಗ ಓಡುತ್ತಿದ್ದೆನಲ್ಲ... ಅಯ್ಯೋ, ಇದು ಶುರುವಾದದ್ದು ಯಾವಾಗ?

ಮುಂದಿನ ಸಭೆಯಲ್ಲಿ ಮೇಷ್ಟ್ರ ಆಯ್ಕೆ. ಅಧ್ಯಕ್ಷರು ಮತ್ತೆ ಅದೇ ರಾಗ ತೆಗೆದರು. ಯಂತ್ರದ ಬಳಿ ಮಗು ಕಿರುಚಿದರೆ ಈ ಕಿವುಡನಿಗೆ ಕೇಳಿಸುತ್ತದೆಯೇ ಎಂದರು. ಅವಳು ಈ ಸಲ ಒಂದಕ್ಷರವನ್ನೂ ಬಿಡಲಿಲ್ಲ. ನಡುವಿನ ಕುಹಕದ ನಗುವನ್ನೂ ಸೇರಿಸಿದಳು.

ಬಡಗಿ ಓದಿ ಎದ್ದು ನಿಂತ.

"ಯಂತ್ರ ಓಡುವಾಗ ಕಿರುಚಿದ್ರೆ ನಿಮಗೂ ಕೇಳಿಸಲ್ಲ ಸ್ವಾಮಿ. ಕಿವಿ ನಂಬಿಕೊಂಡವರು ಬೆನ್ನು ತಿರುಗಿಸಿರ್ತಾರೆ. ನಾನು ಮಕ್ಕಳ ಕೈ ಮೇಲಿಂದ ಕಣ್ಣು ತೆಗೆಯೋದೇ ಇಲ್ಲ."

ಮೊದಲು ಹಿಂದಿನ ಸಾಲಿನ ತಾಯಂದಿರು ಅವನ ಪರ ಕೈ ಎತ್ತಿದರು. ನೋಡನೋಡುತ್ತಿದ್ದಂತೆ ಸಭಾಂಗಣವೆಲ್ಲ ಕೈ ಎತ್ತಿತು. ಕೊನೆಗೆ ಅಧ್ಯಕ್ಷರೂ ಮುಖ ಹುಳ್ಳಗೆ ಮಾಡಿಕೊಂಡು ಎತ್ತಿದರು. ಬಡಗಿ ಗೆದ್ದಿದ್ದ!

ಅವನು ನೇರವಾಗಿ ಅವಳ ಮೇಜಿಗೆ ಬಂದು, ಬಾಗಿ, ಅವಳೊಬ್ಬಳಿಗೇ ಕೇಳಲೆಂದು ಪಿಸುಗುಟ್ಟಿದ. ಪಾಪ, ತನ್ನ ದನಿ ಎಷ್ಟು ಎತ್ತರದಲ್ಲಿದೆಯೆಂದು ಅವನಿಗೆ ತಿಳಿಯದು. ಆ ಪಿಸುಮಾತು ಬಾಗಿಲಾಚೆ ನಿಂತವರಿಗೂ ಕೇಳಿಸಿತು.

"ಅವತ್ತು ಹಾಗೆ ಬೈಬಾರದಿತ್ತು. ನೀವಂದ್ರೆ ನನಗೆ ಪ್ರಾಣ. ನನ್ನನ್ನ ಮದುವೆ ಆಗ್ತೀರಾ? ಇಲ್ಲಿ ಯಾರಿಗೂ ಗೊತ್ತಾಗೋದು ಬೇಡ, ಚೀಟೀಲಿ ಬರೆದು ಕೊಡಿ ಸಾಕು."

ಅವಳು ನಾಚಿ ನೀರಾದಳು. ಇದೊಂದನ್ನು ಬಿಟ್ಟುಬಿಡಲೇ? ಇಲ್ಲ... ಅವನಿಂದ ಇನ್ನೇನನ್ನೂ ಮುಚ್ಚಿಡುವುದಿಲ್ಲ. ಎಲ್ಲರಿಗೂ ಕೇಳಿಸಿದ ಅವನ ಮಾತನ್ನೇ ಟಕಟಕನೆ ಟೈಪ್ ಮಾಡಿದಳು.

ಗೋಡೆಯತ್ತ ತಿರುಗಿದ ಬಡಗಿ, ತನ್ನದೇ ಮಾತನ್ನು ದಪ್ಪಕ್ಷರಗಳಲ್ಲಿ ಓದಿ ಕಕ್ಕಾಬಿಕ್ಕಿಯಾದ.

"ಅಷ್ಟು ಜೋರಾಗಿ ಹೇಳಿದ್ನಾ?"

ಅವಳು ಹೌದೆಂದು ತಲೆಯಾಡಿಸಿ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು.

"ಎಲ್ಲರಿಗೂ ಗೊತ್ತಾಗ್ಲಿ ಬಿಡಿ. ಆಗ್ತೀನಿ."