ಭೈರವಿಯ ಉಸಿರು

ಎಸ್ಟೇಟ್ ಮಾಲೀಕ ಬೋಜಪ್ಪನವರ ರೇಸು ಕುದುರೆ ಭೈರವಿಗೆ ತಿಂಗಳಿಗೆ ತಗಲುತ್ತಿದ್ದ ಖರ್ಚಿನಲ್ಲಿ ವೆಂಕಟಕೃಷ್ಣ ಮೇಷ್ಟ್ರು ಮನೆ ಬಾಡಿಗೆ ಕಟ್ಟಿ, ಮಕ್ಕಳಿಗೆ ಬಟ್ಟೆ ಹೊಲಿಸಿ, ತಂಗಿಯ ಮದುವೆಗೂ ಒಂದಿಷ್ಟು ಎತ್ತಿಡಬಹುದಿತ್ತು. ಹುರುಳಿ, ಓಟ್ಸು, ಬೆಲ್ಲ, ಮೊಟ್ಟೆ. ಲಾಳ ಕಟ್ಟುವವನು ಬರುವುದು ಮೈಸೂರಿನಿಂದಲೇ. ಇಷ್ಟೆಲ್ಲ ಸುರಿದ ಮೇಲೂ, ಹಿಂದಿನ ವರ್ಷ ಮೈಸೂರಿನ ರೇಸಿನಲ್ಲಿ ಎಲ್ಲವನ್ನೂ ಹಿಂದೆ ಹಾಕಿದ ಕುದುರೆ ಈಗ ಎಸ್ಟೇಟಿನ ಗೇಟು ಮುಟ್ಟುವಷ್ಟರಲ್ಲಿ ಏದುಸಿರು ಬಿಟ್ಟು ಕೆಮ್ಮುತ್ತಿತ್ತು.

"ನನ್ನ ಗಂಡ ಮೇವಿಗೆ ವಿಷ ಹಾಕಿದನಂತೆ," ಎಂದು ಭೈರವಿಯನ್ನು ನೋಡಿಕೊಳ್ಳುವ ಕೆಂಪಣ್ಣನ ಹೆಂಡತಿ ಕಾಳಮ್ಮ, ಮಡಿಕೇರಿಯ ವಿಶಾಲಾಕ್ಷಮ್ಮನ ಜಗಲಿಯಲ್ಲಿ ಕೂತು ಅತ್ತಳು. "ಸೋಮವಾರ ಪೊಲೀಸಿಗೆ ಕೊಡ್ತಾರಂತೆ. ಎಸ್ಟೇಟಿನವರು ಕೊಟ್ಟ ಲೈನ್ ಮನೆ ಖಾಲಿ ಮಾಡು ಅಂದ್ರು. ಅವನು ಮನೇಲಿ ಅನ್ನ ಉಂಡಿದ್ದಕ್ಕಿಂತ ಆ ಕುದುರೆ ಜೊತೆ ಮಲಗಿದ್ದೇ ಹೆಚ್ಚು ಕಣವ್ವ!"

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ವಿಶಾಲಾಕ್ಷಮ್ಮ ಸರ್ಕಾರಿ ಸೂಲಗಿತ್ತಿಯಾಗಿ ನಿವೃತ್ತಿಯಾಗಿದ್ದರು. ಊರಿನಲ್ಲಿ ಏನು ಕಳೆದರೂ ಕೆಟ್ಟರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಪಕ್ಕದ ಮನೆಯ ವೆಂಕಟಕೃಷ್ಣ ಮೇಷ್ಟ್ರು ಅವರ ಕೊಡೆ ಹಿಡಿದು ಹಿಂದೆ ಹೋಗುತ್ತಿದ್ದರು. ಹೋಗಿ ಬಂದ ಮೇಲೆ ಪ್ರತಿಸಲವೂ, ಇನ್ನು ಹೋಗುವುದಿಲ್ಲ ಎನ್ನುತ್ತಿದ್ದರು.

ಸುಂಟಿಕೊಪ್ಪದಾಚೆಯ ಬೋಜಪ್ಪನವರ ಎಸ್ಟೇಟಿಗೆ ಇಬ್ಬರೂ ಹೋದ ದಿನ ಅಲ್ಲಿ ಮೆಣಸಿನ ಕೊಯ್ಲು. ಆ ವರ್ಷ ಕರಿಮೆಣಸಿಗೆ ಬಂಗಾರದ ಬೆಲೆ. ಅಂಗಳದ ತುಂಬ ಕಾಳು ಒಣಗುತ್ತಿತ್ತು. ಲಾಯಕ್ಕೆ ಕಾಲಿಟ್ಟ ಮೇಷ್ಟ್ರಿಗೆ ಸೀನಿನ ಮೇಲೆ ಸೀನು.

"ಕುದುರೆಗಿಂತ ನೀವೇ ಹೆಚ್ಚು ಕೆಮ್ಮುತ್ತೀರಲ್ಲ," ಎಂದರು ವಿಶಾಲಾಕ್ಷಮ್ಮ.

"ಸೀನುತ್ತಿದ್ದೇನೆ, ಕೆಮ್ಮುತ್ತಿಲ್ಲ!" ಎಂದು ಮೇಷ್ಟ್ರು ರೇಗಿದರು.

ಮೇವಿನಲ್ಲಿ ವಿಷವಿಲ್ಲ, ಶ್ವಾಸಕೋಶ ಕೆರಳಿದೆ ಎಂದು ಮೈಸೂರಿನ ಪಶುವೈದ್ಯರು ಬರೆದಿದ್ದರು. ಆದರೂ ಕೆಂಪಣ್ಣನೇ ವಿಷ ಹಾಕಿದ್ದೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದ್ದನ್ನೇ ಬೋಜಪ್ಪ ನಂಬಿದ್ದರು. ವಿಶಾಲಾಕ್ಷಮ್ಮ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದರು: "ಕುದುರೆ ಗೆಲ್ಲುವುದು ಯಾವುದರಿಂದ?"

"ರಕ್ತದಿಂದ," ಎಂದರು ಬೋಜಪ್ಪ. "ಅದರ ಅಪ್ಪ ಯಾರು, ಅಮ್ಮ ಯಾರು, ಅಷ್ಟೇ ಮುಖ್ಯ."

"ಉಸಿರಿಂದ," ಎಂದ ಕೆಂಪಣ್ಣ ತಲೆ ತಗ್ಗಿಸಿ. "ಕಾಲು ಎಲ್ಲಕ್ಕೂ ಇರ್ತದೆ. ಕೊನೇ ಫರ್ಲಾಂಗಿಗೆ ಉಸಿರು ಉಳಿಸ್ಕೊಳ್ಳೋದು ಇದೊಂದೇ. ಶಿವರಾತ್ರಿಯಿಂದ ಈಚೆಗೆ ಅದೇ ಇಲ್ಲ. ಬೆಳಿಗ್ಗೆ ಓಡಿಸ್ಕೊಂಡು ಬಂದು ಲಾಯಕ್ಕೆ ಕಟ್ಟಿದ ಕೂಡಲೇ ಕೆಮ್ಮು. ಎಷ್ಟು ಉಜ್ಜಿದರೂ ಬೆನ್ನ ಮೇಲೆ ಕರಿ ಧೂಳು."

ಎಸ್ಟೇಟ್ ರೈಟರ್ ಸಿದ್ದರಾಜು ಆಫೀಸಿನಲ್ಲಿ ಎರಡೂ ಪಾದಗಳನ್ನು ಮಜ್ಜಿಗೆಯ ಬೋಗುಣಿಯಲ್ಲಿ ಅದ್ದಿ ಕೂತಿದ್ದ. "ಹೊಸ ಬೂಟು ಕಚ್ಚಿದೆ ಅಮ್ಮಾ," ಎಂದು ನಕ್ಕ. "ಗೆಲ್ಲೋದು ಅಭ್ಯಾಸದಿಂದ. ಜಾಗ ಬದಲಿಸಬಾರದು. ಲಾಯದ ಹತ್ತಿರ ಹೊರಗಿನವರನ್ನು ಬಿಡಬಾರದು."

ಇಡೀ ದಿನ ಹೀಗೇ ಕಳೆಯಿತು. ಮೇಷ್ಟ್ರಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. "ಒಂದು ಪ್ರಶ್ನೆ, ಮೂರು ಉತ್ತರ. ಎಲ್ಲವೂ ಸರಿ, ಯಾವುದೂ ಪ್ರಯೋಜನವಿಲ್ಲ!"

"ಮಾತಾಡುವ ಬಾಣಂತಿಯರೇ ನನ್ನನ್ನು ಸುಸ್ತು ಮಾಡಿದ್ದಾರೆ. ಇಲ್ಲಿ ಮಾತು ಬಾರದ ಕುದುರೆ, ಬಾಯಿ ಬಿಡದ ಜನ," ಎಂದು ವಿಶಾಲಾಕ್ಷಮ್ಮನೂ ಸಿಡುಕಿದರು. "ಇರಲಿ. ಈ ರಾತ್ರಿ ಕುದುರೆಯನ್ನು ಹೊರಗೆ ಹಲಸಿನ ಮರಕ್ಕೆ ಕಟ್ಟಿಸಿ."

"ಚಿರತೆ ಬರ್ತದೆ!" ಎಂದರು ಬೋಜಪ್ಪ.

"ಬೇಡವೇ ಬೇಡ!" ಎಂದು ಸಿದ್ದರಾಜು ಅವರಿಗಿಂತ ಜೋರಾಗಿ ಕೂಗಿದ. ಕೊನೆಗೆ ಬೋಜಪ್ಪ ಕೋವಿಯವನನ್ನು ಕಾವಲಿಗಿಟ್ಟು ಒಪ್ಪಿದರು. ಭೈರವಿ ಬೆಳಗಿನವರೆಗೆ ಒಮ್ಮೆಯೂ ಕೆಮ್ಮಲಿಲ್ಲ.

ಬೆಳಿಗ್ಗೆ ವಿಶಾಲಾಕ್ಷಮ್ಮ ಎಲ್ಲರನ್ನೂ ಲಾಯದಲ್ಲಿ ಸೇರಿಸಿದರು.

"ಹೊರಗೆ ತಿಂದದ್ದೂ ಅದೇ ಮೇವು, ತಿನ್ನಿಸಿದವನೂ ಅದೇ ಕೆಂಪಣ್ಣ. ಆದರೆ ಕೆಮ್ಮಿಲ್ಲ. ಅಂದಮೇಲೆ ತಪ್ಪು ಅವನ ಕೈಯಲ್ಲಿಲ್ಲ, ಈ ಲಾಯದಲ್ಲಿದೆ. ಕುದುರೆಯ ಹೊಟ್ಟೆಯ ಕೆಳಗೆ ಚೊಕ್ಕಟ, ಬೆನ್ನ ಮೇಲೆ ಧೂಳು. ಹಾಗಾದರೆ ಅದು ನೆಲದಿಂದ ಎದ್ದದ್ದಲ್ಲ, ಮೇಲಿಂದ ಬಿದ್ದದ್ದು. ಮೇಲೆ ಏನಿದೆ ಸಿದ್ದರಾಜು?"

"ಅಟ್ಟ. ಒಡೆದ ಹೆಂಚು. ಹಲಗೆ ಲಡ್ಡಾಗಿದೆ, ಯಾರೂ ಹತ್ತಬಾರದು ಅಂತ ನಾನೇ ಬೀಗ ಹಾಕಿದ್ದೇನೆ."

"ನೀನು ಹತ್ತುತ್ತೀಯಲ್ಲ. ಬೂಟು ಕಚ್ಚಿದರೆ ಹಿಮ್ಮಡಿ, ಬೆರಳು ಕೆಂಪಾಗುತ್ತದೆ. ನಿನ್ನ ಅಂಗಾಲು ಪೂರ್ತಿ ಸುಲಿದಿದೆ, ಮಜ್ಜಿಗೆಯಿಂದ ಕಾಲೆತ್ತಿದಾಗ ಕಂಡೆ. ಹಸಿ ಕರಿಮೆಣಸಿನ ಗೊಂಚಲು ತುಳಿದು ಕಾಳು ಬಿಡಿಸುವವರ ಕಾಲು ಹೀಗೇ ಉರಿಯುವುದು. ಆ ಹೆಂಗಸರಿಗೆ ನಾನೇ ಎಷ್ಟು ಸಲ ಎಣ್ಣೆ ಹಚ್ಚಿದ್ದೇನೆ. ರೈಟರಿಗೆ ಮೆಣಸು ತುಳಿಯುವ ಕೆಲಸವೇನು?"

ಬೋಜಪ್ಪ ಬೀಗ ಒಡೆಸಿದರು. ಅಟ್ಟದ ತುಂಬ ಮೆಣಸಿನ ಮೂಟೆಗಳು. ಹಲಗೆಯ ಸಂದುಗಳಲ್ಲಿ ಹೊಟ್ಟು.

"ಭೈರವಿಯ ಲಾಯಕ್ಕೆ ಯಾರೂ ಬರಬಾರದು ಎಂದು ನೀವೇ ಕಟ್ಟಪ್ಪಣೆ ಮಾಡಿದ್ದಿರಿ. ಕದ್ದದ್ದನ್ನು ಇಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ?" ಎಂದರು ವಿಶಾಲಾಕ್ಷಮ್ಮ. "ಕೆಂಪಣ್ಣ ಕುದುರೆ ಓಡಿಸಲು ಹೋದಾಗ ಇವನು ಮೇಲೆ ತುಳಿದು, ಹೆಂಚಿನ ಕಾವಿಗೆ ಒಣಗಿಸಿ, ಕೇರಿ ಮೂಟೆ ಕಟ್ಟುತ್ತಿದ್ದ. ಓಡಿ ದಣಿದು ಬಂದ ಕುದುರೆ ಆ ಘಾಟನ್ನೇ ಎಳೆದುಕೊಳ್ಳುತ್ತಿತ್ತು. ಮೆಣಸಿನ ವಾಸನೆ ನಿಮ್ಮ ಯಾರ ಮೂಗಿಗೂ ಬೀಳಲಿಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಅದರಲ್ಲೇ ಇದ್ದೀರಿ. ಸೀನಿದ್ದು ಮಡಿಕೇರಿ ಪೇಟೆಯ ಮೇಷ್ಟ್ರೊಬ್ಬರೇ."

ಸಿದ್ದರಾಜು ಬೋಜಪ್ಪನವರ ಕಾಲು ಹಿಡಿದ. "ಕುದುರೆಗೆ ಹೀಗಾಗ್ತದೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ ಕೆಂಪಣ್ಣನ ಹೆಸರು ಹೇಳಿದೆಯಲ್ಲ," ಎಂದರು ಮೇಷ್ಟ್ರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಬೋಜಪ್ಪ ಕೆಂಪಣ್ಣನ ಕಡೆ ತಿರುಗಿದರು. "ತಪ್ಪಾಯ್ತು ಮಾರಾಯ. ಈ ಸಲದ ರೇಸಿಗೆ ಆಗ್ತದಾ?"

"ಇಲ್ಲ ಸ್ವಾಮಿ," ಎಂದ ಕೆಂಪಣ್ಣ. "ಯಾವ ಸಲಕ್ಕೂ ಆಗಲ್ಲ. ಉಸಿರು ಪೂರ್ತಿ ಕೆಟ್ಟೋಗಿದೆ. ಒಂದು ತಿಂಗಳ ಹಿಂದೆ ನನ್ನ ಮಾತು ಕೇಳಿ ಹೊರಗೆ ಕಟ್ಟಿಸಿದ್ದರೆ ಆಗ್ತಿತ್ತು."

ಅವನು ಹೇಳಿದಂತೆಯೇ ಆಯಿತು. ಬೋಜಪ್ಪನವರ ಮೆಣಸು ಅವರಿಗೆ ಸಿಕ್ಕಿತು, ಸಿದ್ದರಾಜು ಜೈಲಿಗೆ ಹೋದ, ಕಾಳಮ್ಮನ ಲೈನ್ ಮನೆ ಉಳಿಯಿತು. ಭೈರವಿ ಮತ್ತೆಂದೂ ರೇಸಿನಲ್ಲಿ ಓಡಲಿಲ್ಲ.