ಮುಚ್ಚಿಕೊಂಡಿದ್ದ ಫ್ರಿಡ್ಜ್ ಬಾಗಿಲು

ಏಪ್ರಿಲ್ ಕೊನೆಯ ಶನಿವಾರ. ಟೀನಾ ರೈಮರ್ ತನ್ನ ಟ್ರೇಲರಿನ, ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಯ, ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ಒಳಗೆ ಫ್ರಿಡ್ಜ್ ಮುಚ್ಚಿತ್ತು. ತೆರೆದರೆ ಕಪ್ಪು ಬೂಷ್ಟು! ಅದಾದರೂ ಹೋಗಲಿ — ಕಿಟಕಿ ಪಕ್ಕದ ಕಪಾಟಿನಲ್ಲಿ ಪುಸ್ತಕ ಇರಲಿಲ್ಲ.

ಅದು ಅವಳ ಗಂಡ ಕಾರ್ನಿಯವರದು. ಮೂವತ್ತೊಂದು ಬೇಸಿಗೆ ಎಲ್ಲೆಲ್ಲಿ ಬಿಡಾರ ಹೂಡಿದರು, ಯಾವ ಸರೋವರದಲ್ಲಿ ಎಷ್ಟು ಮೀನು, ಯಾರ ಜೊತೆ ಜಗಳ — ಎಲ್ಲವೂ ಅದರಲ್ಲಿ. ಅಕ್ಟೋಬರಿನಲ್ಲಿ ಟ್ರೇಲರನ್ನು ಚಳಿಗಾಲಕ್ಕೆಂದು, ಊರವರ ಟ್ರೇಲರುಗಳನ್ನು ಕಾಯುವ ಏಬ್ ಟೇವ್ಸನ ಅಂಗಳದಲ್ಲಿ ನಿಲ್ಲಿಸಿ ಬಂದವರು ನವೆಂಬರಿನಲ್ಲಿ ತೀರಿಕೊಂಡರು. ಅವರು ಬರೆದ ಕೊನೆಯ ಪುಟವನ್ನು ಟೀನಾ ಓದಿರಲಿಲ್ಲ. ಟ್ರೇಲರಿನಲ್ಲೇ ಕೂತು ಓದಬೇಕೆಂದು ಹಿಮ ಕರಗುವುದನ್ನೇ ಕಾದಿದ್ದಳು.

"ಬೀಗ ಒಡೆದಿಲ್ಲ. ಕೀಲಿ ಇದ್ದೋರೇ ತೆಗ್ದಿರೋದು" ಎಂದಳು ಜೊತೆಗೆ ಬಂದಿದ್ದ ನೆಟ್ಟಿ, ಕಾರ್ನಿಯವರ ತಂಗಿ.

ಇನ್ನೊಂದು ಕೀಲಿ ಇರುವುದು ಏಬ್ ಹತ್ತಿರ. ಅವನ ಮುಖ ಸಪ್ಪಗಾಯಿತು. "ಟೀನಾ ಆಂಟಿ, ಆ ಪುಸ್ತಕ ತಗೊಂಡು ನಾನೇನು ಮಾಡ್ಲಿ?"

"ಕಳ್ಳನ ಮನಸ್ಸು ಹುಳ್ಳುಳ್ಳಗೆ! ಮುಖ ನೋಡು ಹೇಗಾಗಿದೆ!" ಎಂದಳು ನೆಟ್ಟಿ.

ಏಬ್ ನಮ್ಮ ಮನೆಗೆ ಓಡಿಬಂದು ನಮ್ಮವರನ್ನು ಕರೆದ. ನಮ್ಮವರು, ಅಂದರೆ ನನ್ನ ಗಂಡ ಜೇಕ್ ಹೀಬರ್ಟ್, ಮೂವತ್ತು ವರ್ಷದಿಂದ ಟ್ರೇಲರ್ ಫ್ರಿಡ್ಜ್ ರಿಪೇರಿ ಮಾಡುತ್ತಾರೆ. ಮನೆಯಲ್ಲಿ ತಮ್ಮ ಕನ್ನಡಕ ಹುಡುಕಲಾಗದ ಮನುಷ್ಯ, ಊರವರ ಕಳ್ಳತನ ಮಾತ್ರ ಹಿಡಿಯುತ್ತಾರೆ. ನಾನೂ ಜೊತೆಗೆ ಹೋದೆ.

ಅವರು ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಫ್ರಿಡ್ಜಿನೊಳಗೆ ತಲೆ ತೂರಿಸಿದರು.

"ಪುಸ್ತಕ ಕಳೆದಿರೋದು ಕಣ್ರೀ!" ಎಂದೆ.

"ಸ್ವಲ್ಪ ಸುಮ್ನಿರು ಲೀನಾ. ಟೀನಾ, ಕಾರ್ನಿ ಫ್ರಿಡ್ಜ್ ಮುಚ್ಚಿ ಬರ್ತಿದ್ನಾ?"

"ಅವರಾ? ಸತ್ರೂ ಇಲ್ಲ!" ಎಂದ ಟೀನಾ ನಾಲಿಗೆ ಕಚ್ಚಿಕೊಂಡಳು. "ಆರಿಸಿ, ಒರೆಸಿ, ಒಳಗೆ ಅಡುಗೆ ಸೋಡಾ ಇಟ್ಟು, ಗಾಳಿ ಆಡ್ಲಿ ಅಂತ ಬಾಗಿಲಿಗೊಂದು ಮರದ ತುಂಡು ಸಿಗಿಸಿ ಬರ್ತಿದ್ರು."

"ತುಂಡು ಎಲ್ಲಿರುತ್ತೆ?"

"ಸಿಂಕ್ ಕೆಳಗಿನ ಡಬ್ಬೀಲಿ."

ನಮ್ಮವರು ಬಗ್ಗಿ ಡಬ್ಬಿ ಎಳೆದರು. ತುಂಡು ಅಲ್ಲೇ ಇತ್ತು. ಮೇಲೆ ಹಳೆಯ ಜೇಡರಬಲೆ.

"ಇದನ್ನ ಯಾರೂ ಮುಟ್ಟಿಲ್ಲ. ಅಕ್ಟೋಬರಲ್ಲಿ ಕಾರ್ನಿಗೆ ಬಗ್ಗೋಕೆ ಆಗ್ತಿತ್ತಾ?"

"ಎಲ್ಲಿಂದ? ಸೊಂಟ ಹಿಡ್ಕೊಂಡೇ ಓಡಾಡ್ತಿದ್ರು."

"ಹಾಗಾದ್ರೆ ನಿಂತಲ್ಲೇ ಕೈಗೆ ಸಿಕ್ಕಿದ್ದನ್ನ ಸಿಗಿಸಿದಾನೆ. ಪುಸ್ತಕ ಎಷ್ಟು ದಪ್ಪ?"

ಟೀನಾ ನಾಲ್ಕು ಬೆರಳು ತೋರಿಸಿದಳು. ತೋರಿಸಿ ಹಾಗೆಯೇ ನಿಂತುಬಿಟ್ಟಳು.

"ಫ್ರಿಡ್ಜನ್ನ ಯಾರೂ ಮುಚ್ಚಿಲ್ಲ. ಹಿಮದ ನೀರು ಇಳೀಲಿ ಅಂತ ಟ್ರೇಲರ್ ಮೂತಿ ಎತ್ತಿ ನಿಲ್ಸಿದಾರೆ, ಬಾಗಿಲು ಮುಚ್ಚೋ ಕಡೆಗೇ ವಾಲುತ್ತೆ. ಪುಸ್ತಕ ಎಳೆದ ಕೂಡ್ಲೇ ಬಾಗಿಲು ತಾನೇ ಮುಚ್ಕೊಂಡಿದೆ. ಏಬ್, ಮುಚ್ಚಿದ ಫ್ರಿಡ್ಜ್ ಕಂಡ್ರೆ ನಿಂಗೆ?"

"ಮೈ ಉರಿಯುತ್ತೆ!"

"ನೋಡಿದ್ರಾ? ಇವನು ಕದ್ದಿದ್ರೂ ಬಾಗಿಲಿಗೆ ಒಂದು ಚಿಂದಿ ಬಟ್ಟೆ ಸಿಗಿಸೇ ಹೋಗ್ತಿದ್ದ. ಇದು ಒಂದು ದಿನವೂ ಟ್ರೇಲರಲ್ಲಿ ಮಲಗದೇ ಇರೋರ ಕೆಲಸ. ಟೀನಾ, ಚಳಿಗಾಲದಲ್ಲಿ ನಿನ್ನ ಕೀಲಿ ಯಾರಿಗಾದ್ರೂ ಕೊಟ್ಟಿದ್ಯಾ?"

"ನನ್ನ ಯಾಕೆ ನೋಡ್ತೀರಾ?" ಎಂದಳು ನೆಟ್ಟಿ.

ಯಾರೂ ಅವಳನ್ನು ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು! ಮಣ್ಣು ಮಾಡುವ ಹಿಂದಿನ ದಿನ ಕಾರ್ನಿಯವರ ಮೀನು ಹಿಡಿಯುವ ಟೋಪಿ ತರಲು ಅವಳನ್ನೇ ಕಳಿಸಿದ್ದು ಟೀನಾಗೆ ಆಗ ನೆನಪಾಯಿತು.

"ಅಣ್ಣನ ಕೈಬರಹ ಅತ್ತಿಗೆ" ಎಂದು ನೆಟ್ಟಿ ಅತ್ತಳು. "ನಾಳೆ ಕೊಡೋಣ, ನಾಳಿದ್ದು ಕೊಡೋಣ ಅಂತಾನೇ ಚಳಿಗಾಲ ಕಳೀತು. ತಪ್ಪಾಯ್ತು. ಏಬ್, ನಿಂಗೂ ಅನ್ಯಾಯ ಮಾಡ್ದೆ ಕಣಪ್ಪ."

ಅರ್ಧ ಗಂಟೆಯಲ್ಲಿ ಅವಳ ಮನೆಯ ಹಿಟ್ಟಿನ ಡಬ್ಬದಿಂದ ಪುಸ್ತಕ ಬಂತು. ನನ್ನ ಎದೆಯ ಭಾರ ಇಳಿಯಿತು. ಏಬ್ ಅಂತೂ ಮೆಟ್ಟಿಲ ಮೇಲೆ ಕುಸಿದು ಕೂತ. ಟೀನಾ ಕೊನೆಯ ಪುಟ ತೆರೆದು ಗಟ್ಟಿಯಾಗಿ ಓದಿದಳು:

"ಅಕ್ಟೋಬರ್ ಒಂಬತ್ತು. ಉತ್ತರದ ಗಾಳಿ. ಬಗ್ಗಲು ಆಗುತ್ತಿಲ್ಲ; ಈ ವರ್ಷ ಫ್ರಿಡ್ಜ್ ಬಾಗಿಲನ್ನು ಈ ಪುಸ್ತಕವೇ ಕಾಯಲಿ. ಟೀನಾಗೆ ಹೇಳಿಲ್ಲ, ಬೈಯುತ್ತಾಳೆ. ಜೂನ್ ಮೊದಲ ವಾರಕ್ಕೆ ಸರೋವರದ ದಂಡೆಯ ನಮ್ಮ ಜಾಗ ಹಿಡಿದಿಡಲು ಹೇಳಿದ್ದೇನೆ. ನಾನಿಲ್ಲದಿದ್ದರೂ ಅವಳು ಹೋಗಬೇಕು. ನೆಟ್ಟಿಯನ್ನು ಕರೆದುಕೊಂಡು ಹೋಗಲಿ. ಪಾಪ, ಅದನ್ನು ನಾವು ಒಂದು ಸಲವೂ ಕರೆಯಲಿಲ್ಲ."

ಟೀನಾ ಪುಸ್ತಕ ಮುಚ್ಚಿ ನೆಟ್ಟಿಯ ಕಡೆ ತಿರುಗಿದಳು.

"ಇದನ್ನ ಓದಿಯೂ ಸುಮ್ನಿದ್ಯಾ?" ಟೀನಾ ಕೇಳಿದಳು.

"ಓದಿದ ಮೇಲೇ ಅತ್ತಿಗೆ, ನಿಮಗೆ ಮುಖ ತೋರಿಸೋಕೆ ಆಗದೇ ಹೋಗಿದ್ದು."

ಟೀನಾ ಅಳುತ್ತಲೇ ನಕ್ಕಳು. ಬಕೆಟ್ಟನ್ನು ನೆಟ್ಟಿಯ ಕೈಗೆ ತುರುಕಿದಳು. "ಈ ಫ್ರಿಡ್ಜ್ ತಿಕ್ಕು ಮತ್ತೆ. ಜೂನಿಗೆ ಇನ್ನು ಐದೇ ವಾರ ಇರೋದು."